ರೊಟ್ಟಿ ಹಿಡಿಸುತ್ತದೆ, ಚಪಾತಿ ಹಿಡಿಸುವುದಿಲ್ಲ

ವಳಕಮದಿನ್ನಿಯ ಆಸುಪಾಸು, ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಊಟವೆಂದರೆ ಮೊದಲಿನಿಂದಲೂ ಬಿಳಿಜೋಳದ ರೊಟ್ಟಿ, ಚಳಿಗಾಲಕ್ಕೆ ಸಜ್ಜೆ ರೊಟ್ಟಿ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಅನ್ನ ಹೆಚ್ಚಿತು. ಗೋಧಿ ಹೆಚ್ಚಾಗಿ ಹಬ್ಬದ ಕಾಳು: ಹುಗ್ಗಿ, ಹೋಳಿಗೆ, ಮಾದಲಿ. ಈಗ ಬೆಳಿಗ್ಗೆ ರವೆ ಉಪ್ಪಿಟ್ಟು, ಚಹಾಕ್ಕೆ ಬಿಸ್ಕೀಟು, ರಾತ್ರಿ ಚಪಾತಿ. ದುಡಿಯಲು ಬೆಂಗಳೂರಿಗೆ ಹೋದವರು ಊರಿಗೆ ಬಂದು ನಾಲ್ಕು ದಿನ ರೊಟ್ಟಿ ಉಂಡು, ಹೊಟ್ಟೆ ಹಗುರಾಯಿತು ಎಂದರೆ ಆ ಮಾತನ್ನು ತಳ್ಳಿಹಾಕಬಾರದು.

ಗೋಧಿಹಿಟ್ಟಿನ ಕಣಕವನ್ನು ನೀರಲ್ಲಿ ಹಿಸುಕುತ್ತ ತೊಳೆಯಿರಿ. ಬಿಳಿ ಪಿಷ್ಟವೆಲ್ಲ ಹರಿದುಹೋಗಿ, ಎಳೆದರೆ ಹಿಗ್ಗುವ ಮುದ್ದೆ ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲುಟೆನ್. ಜೋಳದಲ್ಲಿ ಅದಿಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿ, ಕೈಯಲ್ಲಿ ಬಡಿಯಬೇಕು. ಅಕ್ಕಿ, ಸಜ್ಜೆ, ನವಣೆ, ರಾಗಿಯಲ್ಲೂ ಇಲ್ಲ. ಜವೆಗೋಧಿಯಲ್ಲಿ ಅದೇ ಜಾತಿಯ ಪ್ರೋಟೀನು ಇದೆ.

ಗೋಧಿ ಕೆಲವರ ಕರುಳಿಗೆ ಕೇಡು ಮಾಡುತ್ತದೆ ಎಂದು ತೋರಿಸಿಕೊಟ್ಟವನು ನೆದರ್ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಗೋಧಿಯ ಮೇಲೆ ಅವನಿಗೆ ಮೊದಲೇ ಗುಮಾನಿ ಇತ್ತು. 1944-45ರ ಯುದ್ಧದ ಬರದಲ್ಲಿ ಬ್ರೆಡ್ಡು ಸಿಗದಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿದ ಮೇಲೆ ಮತ್ತೆ ಮಲಗಿದರು. 1950ರಲ್ಲಿ ಅವನ ಪ್ರಬಂಧ ಹೊರಬಂತು. ರೋಗದ ಹೆಸರು ಸೀಲಿಯಾಕ್. ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣಕರುಳಿನ ಒಳಪದರವನ್ನು ಹಾಳುಮಾಡುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿಯೇ ಆಗಬೇಕೆಂದಿಲ್ಲ. ಮಗು ಬೆಳೆಯುತ್ತಿಲ್ಲ, ಕಬ್ಬಿಣಾಂಶದ ಗುಳಿಗೆ ನುಂಗಿದರೂ ರಕ್ತ ಏರುತ್ತಿಲ್ಲ ಎಂದರೂ ಇದರ ನೆನಪಿರಲಿ.

ನಮ್ಮ ದೇಶದ ಮೂರು ಭಾಗಗಳಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ವಯಸ್ಕರ ರಕ್ತದಲ್ಲಿ ಈ ರೋಗದ ಸುಳಿವು ಕೊಡುವ ಪ್ರತಿಕಾಯಗಳು ಕಂಡವು. ರೋಗಕ್ಕೆ ದಾರಿಮಾಡುವ ಜೀನುಗಳಲ್ಲಿ ಅಷ್ಟು ಅಂತರವಿರಲಿಲ್ಲ. ಅಂತರವಿದ್ದದ್ದು ತಿನ್ನುವ ಗೋಧಿಯಲ್ಲಿ. ನಮ್ಮ ತಟ್ಟೆ ಬದಲಾಗುತ್ತಿರುವಾಗ ಇಲ್ಲಿನ ವೈದ್ಯರೂ ಎಚ್ಚರವಾಗಿರಬೇಕು ಎಂದು ನನಗನ್ನಿಸುತ್ತದೆ.

ಗುಮಾನಿ ಬಂದೊಡನೆ ಗೋಧಿ ಬಿಟ್ಟುಬಿಡಬೇಡಿ. ಟಿಟಿಜಿ ಎಂಬ ರಕ್ತಪರೀಕ್ಷೆ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಬಿಟ್ಟ ಕೆಲವು ತಿಂಗಳಲ್ಲಿ ಪ್ರತಿಕಾಯಗಳು ಇಳಿದು, ರೋಗವಿದ್ದರೂ ಇಲ್ಲವೆಂದು ಬರಬಹುದು. ರಕ್ತದಲ್ಲಿ ಸುಳಿವು ಸಿಕ್ಕರೆ ಸಾಮಾನ್ಯವಾಗಿ ಎಂಡೋಸ್ಕೋಪಿಯಿಂದ ಕರುಳಿನ ಚೂರು ತೆಗೆದು ಖಚಿತಪಡಿಸುತ್ತಾರೆ. ಪರೀಕ್ಷೆಯಲ್ಲಿ ಇಲ್ಲವೆಂದು ಬಂದವರ ಉಬ್ಬರವೂ ಸುಳ್ಳಲ್ಲ. ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ ಕೆಲವರ ಕರುಳಲ್ಲಿ ಹುಳಿತು ಗಾಳಿ ತುಂಬುತ್ತದೆ. ಅಂಥವರಿಗೆ ಗೋಧಿ ಕಡಿಮೆ ಮಾಡಿದರೂ ಸಾಕಾಗಬಹುದು.

ಸೀಲಿಯಾಕ್ ಖಚಿತವಾದವರಿಗೆ ಮಾತ್ರ ಚಿಟಿಕೆ ಗೋಧಿಯೂ ವರ್ಜ್ಯ, ಅದೂ ಜನ್ಮಪೂರ್ತಿ. ಅಂಗಡಿಯ ಇಂಗಿನಲ್ಲಿ ಗೋಧಿಹಿಟ್ಟೋ ಮೈದಾವೋ ಬೆರೆತಿರುವುದುಂಟು, ಪೊಟ್ಟಣ ಓದಿ ಕೊಳ್ಳಬೇಕು. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಸುರಿದರೆ ಕಲ್ಲಿಗಂಟಿದ ಹಿಟ್ಟೂ ಕೂಡಿ ಬರುತ್ತದೆ; ಜೋಳ ಮಾತ್ರ ಬೀಸುವ ಗಿರಣಿ ಹುಡುಕಬೇಕು, ಇಲ್ಲವೇ ಮನೆಯ ಬೀಸುಕಲ್ಲಿಗೆ ಹಾಕಬೇಕು. ಒಬ್ಬರಿಗಿದ್ದರೆ ಅವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳೂ ರಕ್ತ ಕೊಟ್ಟು ನೋಡಿಸಿಕೊಳ್ಳಬೇಕು, ತೊಂದರೆ ಏನೂ ಕಾಣದಿದ್ದರೂ.