ಇಲಿಯ ಗಡ್ಡೆಯೊಳಗೆ ಮೂಳೆ, ಕೂದಲು!

ನಿಮಗಿದು ಗೊತ್ತೆ? 1953ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ವಿಜ್ಞಾನಿ ಲೆರಾಯ್ ಸ್ಟೀವನ್ಸ್ ‘129’ ಎಂಬ ತಳಿಯ ಇಲಿಯೊಂದರ ವೃಷಣ ಊದಿಕೊಂಡಿದ್ದನ್ನು ಕಂಡರು. ಕೊಯ್ದು ನೋಡಿದರೆ ಗಡ್ಡೆಯೊಳಗೆ ಸ್ನಾಯು, ಮೂಳೆ, ಕೂದಲು ಎಲ್ಲ ಕಲಸಿಕೊಂಡಿದ್ದವು! ಮುಂದೆ ವೀರ್ಯಾಣುಗಳಾಗಬೇಕಿದ್ದ ಜೀವಕೋಶಗಳು ಭ್ರೂಣದಲ್ಲೇ ದಾರಿ ತಪ್ಪಿದ್ದರ ಫಲ ಅದು. ಈ ತಳಿಯ ನೂರು ಗಂಡಿಲಿಗಳಲ್ಲಿ ಸುಮಾರು ಒಂದಕ್ಕೆ ಬರುವ ಈ ಗಡ್ಡೆ, ‘ಟರ್’ ಎಂಬ ಜೀನ್ ದೋಷ ತಾಯಿ-ತಂದೆ ಇಬ್ಬರಿಂದಲೂ ಬಂದರೆ ತೊಂಬತ್ತಕ್ಕೂ ಹೆಚ್ಚು ಇಲಿಗಳಿಗೆ ಬರುತ್ತದೆ. ಅಚ್ಚರಿಯೆಂದರೆ, ಬೇರೆ ಹಲವು ತಳಿಗಳಲ್ಲಿ ಅದೇ ದೋಷ ಗಡ್ಡೆ ತರುವುದಿಲ್ಲ, ಬಂಜೆತನವನ್ನಷ್ಟೇ ತರುತ್ತದೆ.

ಮನುಷ್ಯರ ವೃಷಣ ಕ್ಯಾನ್ಸರಿನಲ್ಲೂ ಅನುವಂಶೀಯತೆಯ ಪಾತ್ರ ದೊಡ್ಡದು. ಒಡಹುಟ್ಟಿದ ಅಣ್ಣನಿಗೋ ತಮ್ಮನಿಗೋ ಬಂದಿದ್ದರೆ ಅಪಾಯ ಹಲವು ಪಟ್ಟು ಹೆಚ್ಚು. ಹರೆಯದವರೇ, ವೃಷಣದಲ್ಲಿ ಗಂಟು ಕಂಡರೆ, ಅದು ನೋವಿಲ್ಲದ್ದಾದರೂ ಸಂಕೋಚ ಬಿಟ್ಟು ವೈದ್ಯರಿಗೆ ತೋರಿಸಿ. ಬೇಗ ಪತ್ತೆಯಾದರೆ ಬಹುತೇಕ ಎಲ್ಲರಲ್ಲೂ ಗುಣವಾಗುವ ಕ್ಯಾನ್ಸರ್ ಇದು.