ಎಳೆಯುವ ಬಲಕ್ಕಿಂತ ಮೊದಲು ಹೊರುವ ಭಾರ

ಕಾಮಾಕ್ಷಿಪಾಳ್ಯದ ವೆಲ್ಡಿಂಗ್ ಶೆಡ್ಡೊಂದರಲ್ಲಿ ಮೊನ್ನೆ ಕಂಡ ಟ್ರೈಲರ್ ಇನ್ನೂ ಕಣ್ಣಲ್ಲೇ ಇದೆ. ಒಂದೇ ಆಕ್ಸಲ್, ಇಬ್ಬರಿಗೆ ಹಾಸಿಗೆ, ಪುಟ್ಟ ಸಿಂಕ್, ನೀರಿನ ಟ್ಯಾಂಕ್. ವೇ ಬ್ರಿಡ್ಜ್ ಚೀಟಿಯಲ್ಲಿ 800 ಕೆ.ಜಿ. ಮೇಸ್ತ್ರಿ ಅದರ ಮೂತಿಯ ಕೆಳಗೆ ಮನೆಯಲ್ಲಿ ಮೈತೂಕ ನೋಡುವ ಯಂತ್ರ ಇಟ್ಟು ಮೆಲ್ಲಗೆ ಇಳಿಸಿದರು. ಮುಳ್ಳು 62ರಲ್ಲಿ ನಿಂತಿತು. “ಮುಂಭಾರ ಸಾಲದು ಸಾರ್” ಎಂದವರೇ, ಹಿಂಬದಿಯ ಬ್ಯಾಟರಿಗಳನ್ನು ಆಕ್ಸಲ್‌ಗಿಂತ ಮುಂದಕ್ಕೆ ತಂದಿಟ್ಟರು. ಮುಳ್ಳು 90 ದಾಟಿತು. ಒಂದು ಚಕ್ರವೂ ಉರುಳದೆ ಟ್ರೈಲರಿನ ಸ್ವಭಾವವೇ ಬದಲಾಗಿತ್ತು!

ಎತ್ತಿನ ಗಾಡಿಗೆ ಹೇರು ಹಾಕುವವರಿಗೆ ಇದು ಹೊಸದಲ್ಲ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರ ಮಿತಿಮೀರಿದರೆ ಎತ್ತಿನ ಹೆಗಲು ಕಿತ್ತುಬರುತ್ತದೆ. ಟ್ರೈಲರಿನ ತೂಕದಲ್ಲಿ ಶೇ 10ರಿಂದ 15ರಷ್ಟು ಅದನ್ನು ಎಳೆಯುವ ಪಿಕಪ್‌ನ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ವೇಗ ಏರುತ್ತಿದ್ದಂತೆ ಟ್ರೈಲರ್ ಅತ್ತಿತ್ತ ಓಲಾಡತೊಡಗುತ್ತದೆ. ಹೆಚ್ಚಾದರೆ ಪಿಕಪ್‌ನ ಹಿಂಬದಿ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ.

ಪಿಕಪ್ ಆರಿಸುವ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು. 1988ರ ಟಾಟಾ ಮೊಬೈಲ್ ಕಾಲದ ಆಯ್ಕೆಗಳಿಗೆ 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಸೇರಿದವು. ಹೈಲಕ್ಸ್ ಜೋಡಣೆಯಾಗುವುದು ಕೆಂಗೇರಿ ದಾಟಿದರೆ ಸಿಗುವ ಬಿಡದಿಯಲ್ಲೇ. ಷೋರೂಮಿನಲ್ಲಿ ಮಾತೆಲ್ಲ ಟಾರ್ಕಿನದು: ವಿ-ಕ್ರಾಸ್‌ಗೆ 360 ನ್ಯೂಟನ್ ಮೀಟರ್, ಹೈಲಕ್ಸ್ ಆಟೊಮ್ಯಾಟಿಕ್‌ಗೆ 500. ಈ ಪುಟ್ಟ ಟ್ರೈಲರಿಗೆ ಎರಡೂ ಧಾರಾಳ. ಇಕ್ಕಟ್ಟಾಗುವುದು ಹೊರುವ ಶಕ್ತಿಯಲ್ಲಿ. ಪಿಕಪ್‌ಗೆ ಅನುಮತಿಸಿದ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲೇ ಜನ, ಸಾಮಾನು, ಕೊಂಡಿಯ ಭಾರ ಎಲ್ಲ ಹಿಡಿಸಬೇಕು. ಐವರು ದೊಡ್ಡವರು ಕೂತರೇ 350 ಕೆ.ಜಿ. ಹತ್ತಿರ. ಮೇಲೆ 90 ಕೆ.ಜಿ. ಕೊಂಡಿ ಭಾರ. ಟೆಂಟು, ಸಿಲಿಂಡರು ಇನ್ನೂ ಹತ್ತಿಲ್ಲ.

ಆಸ್ಟ್ರೇಲಿಯದಲ್ಲಿ ಹೈಲಕ್ಸ್ 3,500 ಕೆ.ಜಿ. ಎಳೆಯುತ್ತದೆ ಎಂದು ವಾದಿಸುವವರು ಸಿಗುತ್ತಾರೆ. ನನಗೆ ಈ ವಾದ ಒಪ್ಪಿಗೆಯಿಲ್ಲ. ಅದು ಟ್ರೈಲರಿಗೇ ಬ್ರೇಕ್ ಇದ್ದಾಗಿನ ಮಿತಿ; ಬ್ರೇಕಿಲ್ಲದಿದ್ದರೆ ಅಲ್ಲಿಯೂ 750 ಮಾತ್ರ. ಆಗುಂಬೆಯ 14 ತಿರುವುಗಳಲ್ಲಿ ಇಳಿಯುವಾಗ ಕಾಯುವುದು ಟಾರ್ಕ್ ಅಲ್ಲ, ಕೆಳಗಿನ ಗೇರು ಮತ್ತು ಟ್ರೈಲರಿನ ಸ್ವಂತ ಬ್ರೇಕು.

ಇನ್ನು ನಿಲ್ಲಿಸುವ ಜಾಗ. ವಿಜಯನಗರದ 30×40 ಅಡಿ ಸೈಟಿನ ಮುಂಭಾಗ 9.1 ಮೀಟರ್. ಪಿಕಪ್ಪೇ 5.3 ಮೀಟರ್ ಉದ್ದ. ನಾಲ್ಕು ಮೀಟರ್ ಟ್ರೈಲರ್ ಸೇರಿದರೆ ಪಕ್ಕದ ಮನೆಯ ಗೇಟಿಗೆ ಅಡ್ಡ. ಕೈಯಲ್ಲಿ ತಳ್ಳಿ ಒಳಗಿಡಬಹುದಾದ ಹಗುರ ಟ್ರೈಲರೇ ನಮ್ಮ ಕ್ರಾಸ್‌ಗಳಿಗೆ ಸರಿ.

1988ರ ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಟ್ರೈಲರಿಗೂ ನೋಂದಣಿ ಬೇಕು. ಅದರ ಸಂಖ್ಯೆ ಪಕ್ಕದಲ್ಲಿ. ಜೊತೆಗೆ ಎಳೆಯುವ ವಾಹನದ ಸಂಖ್ಯೆಯೂ ಟ್ರೈಲರಿನ ಮೇಲಿರಬೇಕು. ಆದ್ದರಿಂದ ಶೆಡ್ಡಿಗೆ ಮುಂಗಡ ಕೊಡುವ ಮುನ್ನ, ಟ್ರೈಲರಿನ ನಕ್ಷೆ ಹಿಡಿದು ರಾಜಾಜಿನಗರದ ಆರ್‌ಟಿಒ ಕಚೇರಿಗೆ ಹೋಗಿಬನ್ನಿ.