ಝೀರೋ ನೋಡಿದರಷ್ಟೇ ಸಾಕೇ?



ನಮ್ಮ ನೌಪಾಡಾದ ಕಡೆ ರಿಕ್ಷಾದವನಿಗೆ 'ತೀನ್ ಪೆಟ್ರೋಲ್ ಪಂಪ್' ಎಂದರೆ ಸಾಕು, ಬೇರೆ ವಿಳಾಸ ಬೇಡ. ಪೆಟ್ರೋಲ್ ಪಂಪು ನಮ್ಮ ಬದುಕಿನೊಳಗೆ ಅಷ್ಟು ಬೆರೆತುಹೋಗಿದೆ. ನೀವೂ ವಾರಕ್ಕೊಮ್ಮೆ ಯಾವುದಾದರೂ ಪಂಪಿನ ಮುಂದೆ ಸ್ಕೂಟರ್ ನಿಲ್ಲಿಸುತ್ತೀರಿ. ಅಲ್ಲಿಯ ಹುಡುಗ 'ಝೀರೋ ದೇಖೋ' ಎನ್ನುತ್ತಾನೆ. ನೀವು ತಲೆ ಆಡಿಸಿ ದುಡ್ಡು ತೆಗೆಯುವುದರಲ್ಲಿ ತೊಡಗುತ್ತೀರಿ. ಅಷ್ಟಕ್ಕೇ ಗ್ರಾಹಕರ ಕೆಲಸ ಮುಗಿಯಿತೇ?

ಇಂಗ್ಲಿಷಿನಲ್ಲಿ 'ಪ್ರೈಸ್ ಗೌಜಿಂಗ್' ಎಂಬ ಮಾತಿದೆ. ಗೌಜ್ ಎಂದರೆ ಮರವನ್ನು ಕೊರೆದು ಬಗೆಯುವ ಉಳಿ. ಜನರ ಕಷ್ಟಕಾಲದಲ್ಲಿ ಹಾಗೆ ಅವರ ಜೇಬನ್ನು ಬಗೆಯುವುದನ್ನು ತಡೆಯಲು ಅಮೆರಿಕದ ಹಲವು ರಾಜ್ಯಗಳು ತಮ್ಮದೇ ಕಾಯಿದೆ ಮಾಡಿಕೊಂಡಿವೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆಗೆ ಅಭಾವ ಬಂದ ಮೇಲೆ ನ್ಯೂಯಾರ್ಕ್ 1979ರಲ್ಲಿ ಇಂಥ ಕಾಯಿದೆ ತಂದಿತು. ಕ್ಯಾಲಿಫೋರ್ನಿಯಾದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದರೆ ಸಾಮಾನ್ಯವಾಗಿ ಶೇಕಡಾ 10ಕ್ಕಿಂತ ಹೆಚ್ಚು ಬೆಲೆ ಏರಿಸುವಂತಿಲ್ಲ.

ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ಸರ್ಕಾರಿ ಎಣ್ಣೆ ಕಂಪನಿಗಳ ಪಂಪುಗಳಲ್ಲಿ ದರ ನಿಗದಿ ಮಾಡುವುದು ಕಂಪನಿ, ಪಂಪಿನ ಯಜಮಾನನಲ್ಲ. 2017ರ ಜೂನ್ 16ರಿಂದ ದೇಶದಾದ್ಯಂತ ದಿನವೂ ದರ ಪರಿಷ್ಕರಿಸುವ ಪದ್ಧತಿ ಬಂತು. ಅದರ ಮೇಲೆ ರಾಜ್ಯದ ತೆರಿಗೆ. ದರ ಬೋರ್ಡಿನಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಆದ್ದರಿಂದ ಮೋಸ ಮಾಡುವವನು ದರಕ್ಕೆ ಕೈ ಹಾಕುವುದಿಲ್ಲ, ಅಳತೆಗೆ ಕೈ ಹಾಕುತ್ತಾನೆ. ಹಿಂದೆ ತಕ್ಕಡಿಯ ತಟ್ಟೆಯಡಿ ಹುಣಸೆಹಣ್ಣು ಅಂಟಿಸುತ್ತಿದ್ದರಲ್ಲ, ಈಗ ಅದೇ ಜಾಗಕ್ಕೆ ಎಲೆಕ್ಟ್ರಾನಿಕ್ ಚಿಪ್ ಬಂದಿದೆ.

ಇದು ಉತ್ಪ್ರೇಕ್ಷೆಯಲ್ಲ. 2017ರ ಏಪ್ರಿಲ್‌ನಲ್ಲಿ ಲಖನೌದ ಪಂಪುಗಳಲ್ಲಿ ಇಂಥ ಚಿಪ್ ಸಿಕ್ಕವು. ಆ ವರ್ಷ ಜೂನ್‌ನಲ್ಲಿ ನಮ್ಮ ಠಾಣೆ ಪೊಲೀಸರ ಕ್ರೈಂ ಬ್ರ್ಯಾಂಚ್ ಮಹಾರಾಷ್ಟ್ರದ ಹಲವೆಡೆ ದಾಳಿ ಮಾಡಿ ಅದೇ ಬಗೆಯ ಮೋಸವನ್ನು ಹೊರಗೆಳೆಯಿತು. ಮೀಟರು ಝೀರೋದಿಂದಲೇ ಶುರುವಾಗುತ್ತದೆ, ಅಂಕಿಯೂ ಸರಿಯಾಗಿರುತ್ತದೆ, ಟ್ಯಾಂಕಿಗೆ ಬೀಳುವುದು ಮಾತ್ರ ಕಡಿಮೆ. ಪ್ರತಿ ಗಾಡಿಯಿಂದ ಕದ್ದದ್ದು ಸ್ವಲ್ಪವೇ ಇರಬಹುದು. ಆದರೆ ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ!

ಇದಕ್ಕೆ ಮದ್ದು ಕಾನೂನಿನಲ್ಲೇ ಇದೆ. ತೂಕ ಮತ್ತು ಅಳತೆಯ ಕೇಂದ್ರ ಕಾಯಿದೆ 2009ರದು. ಅದನ್ನು ಜಾರಿಗೆ ತರಲು ಮಹಾರಾಷ್ಟ್ರ 2011ರಲ್ಲಿ ತನ್ನ ನಿಯಮಗಳನ್ನು ಮಾಡಿತು. ಪಂಪಿನ ಯಂತ್ರಗಳನ್ನು ಪರೀಕ್ಷಿಸಿ ಸೀಲ್ ಹಾಕಬೇಕು. ನೀವು ತಿಳಿದಿರಬೇಕಾದದ್ದು ಇಷ್ಟು:

ಒಂದು, ಪ್ರತಿ ಪಂಪಿನಲ್ಲೂ ಮುದ್ರೆಯೊತ್ತಿದ 5 ಲೀಟರಿನ ಅಳತೆಪಾತ್ರೆ ಇರಬೇಕು. ಅನುಮಾನ ಬಂದರೆ ನಿಮ್ಮೆದುರಿಗೇ ಅಳೆದು ತೋರಿಸಲು ಕೇಳಬಹುದು. 25 ಮಿಲಿಲೀಟರಿಗಿಂತ ಹೆಚ್ಚು ಕೊರತೆ ಇರಕೂಡದು.

ಎರಡು, ಕಲಬೆರಕೆಯ ಸಂಶಯವಿದ್ದರೆ ಫಿಲ್ಟರ್ ಪೇಪರ್ ಕೇಳಿ. ಅದರ ಮೇಲೆ ಪೆಟ್ರೋಲಿನ ಒಂದು ಹನಿ ಬಿಟ್ಟರೆ, ಕಲೆ ಉಳಿಯದೆ ಆರಿಹೋಗಬೇಕು.

ಮೂರು, ಬಿಲ್ಲು ಬಿಡಬೇಡಿ. ಬಿಲ್ಲಿಲ್ಲದ ದೂರಿಗೆ ಬಲವಿಲ್ಲ.

ನಾಲ್ಕು, ಪಂಪಿನವರು ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಮಾತೇ ಎನ್ನಬೇಡಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಎಸ್. ಮಂಜುನಾಥ್ ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಪಂಪಿಗೆ ಬೀಗ ಹಾಕಿಸಿದರು. ಅದೇ ಕಾರಣಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ನಮ್ಮ ರಾಜ್ಯದಲ್ಲೇ 2011ರ ಜನವರಿ 25ರಂದು ಮನ್ಮಾಡ್ ಬಳಿ ಎಣ್ಣೆ ಕಳ್ಳರನ್ನು ಹಿಡಿಯಹೋದ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆಯವರನ್ನು ಜೀವಂತ ಸುಟ್ಟರು.

ಅವರು ಪ್ರಾಣ ಕೊಟ್ಟು ಕಾಯ್ದದ್ದು ನಮ್ಮಂಥವರ ಲೀಟರನ್ನು. ನಮ್ಮಿಂದ ಕೇಳುವುದು ಅಂಥ ತ್ಯಾಗವನ್ನಲ್ಲ, ಎರಡು ನಿಮಿಷದ ತಾಳ್ಮೆಯನ್ನು ಮಾತ್ರ. ಹಿಂದೆ ನಿಂತವರು ಹಾರ್ನ್ ಹೊಡೆದಾರು, ಹೊಡೆಯಲಿ. ನೀವು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಬಲ್ಲವರು. ಯಾವ ಭಾಷೆಯಲ್ಲಾದರೂ ಸರಿ, ಮರ್ಯಾದೆಯಿಂದ, ಧೈರ್ಯವಾಗಿ ಕೇಳಿ: "ಸ್ವಲ್ಪ ಅಳೆದು ತೋರಿಸ್ತೀರಾ?"